ಮಾತ್ರೆಗೆ ಮೊದಲು ಒಂದು ಹನಿ ರಕ್ತ

ಗುಬ್ಬಿ ತಾಲ್ಲೂಕಿನ ತೋಟದ ಮನೆಗಳಲ್ಲಿ ಬಲಿತ ತೆಂಗಿನಕಾಯಿ ಅಟ್ಟ ಸೇರಿದರೆ ಕೆಳಗಿಳಿಯುವುದು ಎಂಟು ಹತ್ತು ತಿಂಗಳ ಮೇಲೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುವವರೆಗೆ ಆ ಅಟ್ಟವನ್ನು ಇಲಿಗಳಿಂದ ಕಾಯುವುದು ಮನೆಯ ಬೆಕ್ಕು. ಕುಣಿಗಲ್ ಕಡೆಯ ರಾಗಿ ಮೂಟೆಗೂ ತುಮಕೂರು ಪೇಟೆಯ ದಿನಸಿ ಗೋದಾಮಿಗೂ ಅದೇ ಕಾವಲು. ಆದರೂ ಬೆಕ್ಕನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ನಮ್ಮಲ್ಲಿಲ್ಲ. 2019ರ 20ನೇ ಜಾನುವಾರು ಗಣತಿಯಲ್ಲಿ ದನ, ಎಮ್ಮೆ, ಕುರಿ, ಮೇಕೆ, ಹಂದಿ, ಕುದುರೆ, ಕತ್ತೆಗಳ ಜೊತೆಗೆ ನಾಯಿ, ಮೊಲ, ಆನೆಗಳನ್ನೂ ಎಣಿಸಿದರು, ಬೆಕ್ಕನ್ನು ಎಣಿಸಲಿಲ್ಲ. ಎಣಿಕೆಗೆ ಬಾರದ ಪ್ರಾಣಿಯ ಕಾಯಿಲೆಯೂ ಎಣಿಕೆಗೆ ಬರುವುದಿಲ್ಲ. ಬೆಕ್ಕು ಎರಡು ದಿನ ಅನ್ನ ಮುಟ್ಟದೆ ಮೂಲೆ ಹಿಡಿದರೆ ಏನೋ ವಿಷ ತಿಂದಿರಬೇಕು, ಯಾವುದೋ ಹುಳು ಮುಟ್ಟಿರಬೇಕು ಎಂದುಕೊಳ್ಳುತ್ತಾರೆ. ಮೆಡಿಕಲ್ ಸ್ಟೋರಿನಿಂದ ಒಂದು ಮಾತ್ರೆ ಬರುತ್ತದೆ, ಅರ್ಧ ಮುರಿದು ಹಾಲಿಗೆ ಬೆರೆಸಿ ಇಡುತ್ತಾರೆ. ಹೀಗೆ ಮಂಕಾಗುವ ಬೆಕ್ಕುಗಳಲ್ಲಿ ಕೆಲವಕ್ಕೆ ಇರುವುದು ರಕ್ತದಲ್ಲಿ ಬದುಕುವ ಬ್ಯಾಕ್ಟೀರಿಯಾದ ಸೋಂಕು. ಅದಕ್ಕೆ ಬೇಕಾದ ಔಷಧ ದುಬಾರಿಯೂ ಅಲ್ಲ, ಅಪರೂಪದ್ದೂ ಅಲ್ಲ. ನಮ್ಮಲ್ಲಿ ತಪ್ಪಿಹೋಗುತ್ತಿರುವುದು ಔಷಧಕ್ಕೆ ಮೊದಲು ನೋಡಬೇಕಾದ ಆ ಒಂದು ಹನಿ ರಕ್ತ. ಅದನ್ನು ನೋಡಲು ಬೇಕಾದ ಸಲಕರಣೆಯೂ ಕೈಚಳಕವೂ ದನಗಳ ದೆಸೆಯಿಂದ ತಾಲ್ಲೂಕು ಮಟ್ಟಕ್ಕೆ ಆಗಲೇ ಬಂದಿವೆ ಎಂಬುದು ಈ ಲೇಖನದ ವಾದ.

ಮೊದಲು ಆ ಜೀವಿಯ ಪರಿಚಯವಾಗಲಿ. 1942ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ರಕ್ತ ಬತ್ತಿಹೋಗಿದ್ದ ಬೆಕ್ಕೊಂದರ ಕೆಂಪು ರಕ್ತಕಣಗಳ ಮೇಲೆ ಸಣ್ಣ ಚುಕ್ಕೆಗಳು ಕಂಡದ್ದು ವರದಿಯಾಯಿತು. 1953ರಲ್ಲಿ ಅಮೆರಿಕದಲ್ಲಿ ಅಂಥದೇ ರೋಗವನ್ನು ಬೆಕ್ಕುಗಳ ಸಾಂಕ್ರಾಮಿಕ ರಕ್ತಹೀನತೆ ಎಂದು ವಿವರಿಸಿದರು. ಬಹುಕಾಲ ಅದರ ಹೆಸರು ಹಿಮೋಬಾರ್ಟೊನೆಲ್ಲಾ ಎಂದಿತ್ತು. ಇಪ್ಪತ್ತೊಂದನೇ ಶತಮಾನದ ಆರಂಭದಲ್ಲಿ ಅದರ ವಂಶವಾಹಿಯನ್ನು ಓದಿದಾಗ ಅದು ಮೈಕೋಪ್ಲಾಸ್ಮಾ ಕುಲದ್ದೆಂದು ಖಚಿತವಾಗಿ, ಮೈಕೋಪ್ಲಾಸ್ಮಾ ಹೀಮೋಫೆಲಿಸ್ ಎಂಬ ಈಗಿನ ಹೆಸರು ಬಂತು. ಹೆಸರು ಬದಲಾದದ್ದು ವಿಜ್ಞಾನಿಗಳ ಒಳಜಗತ್ತಿನ ವಿಷಯ ಮಾತ್ರವಲ್ಲ, ಚಿಕಿತ್ಸೆಯ ಗುಟ್ಟು ಆ ಕುಲದಲ್ಲೇ ಇದೆ. ಮೈಕೋಪ್ಲಾಸ್ಮಾಗಳಿಗೆ ಬೇರೆ ಬ್ಯಾಕ್ಟೀರಿಯಾಗಳಿಗಿರುವಂಥ ಜೀವಕೋಶದ ಗೋಡೆ ಇಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಲೆಕ್ಸಿನ್ ಮುಂತಾದ ನಮಗೆ ರೂಢಿಯಾದ ಆಂಟಿಬಯಾಟಿಕ್‌ಗಳೆಲ್ಲ ಬ್ಯಾಕ್ಟೀರಿಯಾ ಆ ಗೋಡೆಯನ್ನು ಕಟ್ಟುವುದನ್ನು ತಡೆದೇ ಅದನ್ನು ಕೊಲ್ಲುವುದು. ಗೋಡೆಯೇ ಇಲ್ಲದ ಜೀವಿಯ ಮೇಲೆ ಅವು ನಡೆಯುವುದಿಲ್ಲ. ಮನೆಯ ಡಬ್ಬಿಯಲ್ಲಿ ಉಳಿದ ಅಮಾಕ್ಸಿಸಿಲಿನ್ ಕೊಟ್ಟು ಐದು ದಿನ ಕಾದರೆ ಆ ಐದು ದಿನವೂ ರೋಗದ ಪಾಲು. ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲೂ ಬರುವುದಿಲ್ಲ. ಮನುಷ್ಯರ ರಕ್ತದ ಸೋಂಕಿಗೆ ಮಾಡುವ ಕಲ್ಚರ್ ಪರೀಕ್ಷೆ ಇಲ್ಲಿ ನಿರುಪಯೋಗಿ.

ಈ ಜೀವಿ ಕೆಂಪು ಕಣದ ಒಳಗೆ ನುಗ್ಗುವುದಿಲ್ಲ, ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಅಂಟಿದ ಕಣ ಹಾಳಾಗುತ್ತದೆ. ಜೊತೆಗೆ ಬೆಕ್ಕಿನ ರೋಗನಿರೋಧಕ ವ್ಯವಸ್ಥೆಯೇ ಆ ಕಣವನ್ನು ಪರಕೀಯವೆಂದು ಬಗೆದು ಗುಲ್ಮದಲ್ಲಿ ಹಿಡಿದು ಒಡೆಯುತ್ತದೆ. ಹಾನಿಯ ದೊಡ್ಡ ಪಾಲು ಈ ಎರಡನೆಯದರಿಂದಲೇ. ಕಣಗಳು ಕಡಿಮೆಯಾದಂತೆ ಬೆಕ್ಕಿನ ಒಸಡು ಗುಲಾಬಿ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಹಳದಿಗೆ ತಿರುಗುತ್ತದೆ. ಜ್ವರ ಬಂದು ಹೋಗಿ ಮಾಡುತ್ತದೆ. ಅಟ್ಟ ಹತ್ತುತ್ತಿದ್ದದ್ದು ಮೆಟ್ಟಿಲಲ್ಲೇ ಕೂರುತ್ತದೆ. ಮಣ್ಣಿನ ಗೋಡೆ, ಸಿಮೆಂಟು ನೆಲ, ಬೂದಿ ನೆಕ್ಕಲು ಶುರುಮಾಡುತ್ತದೆ. ಈ ನೆಕ್ಕಾಟವನ್ನು ಚೇಷ್ಟೆ ಎಂದು ಬಿಡಬಾರದು, ರಕ್ತ ಕಡಿಮೆಯಾದ ಪ್ರಾಣಿಗಳಲ್ಲಿ ಅದು ಒಂದು ಗುರುತು. ಆರಾಮವಾಗಿ ಮಲಗಿರುವ ಬೆಕ್ಕು ನಿಮಿಷಕ್ಕೆ 30 ಬಾರಿಗಿಂತ ಹೆಚ್ಚು ಉಸಿರಾಡುವುದು ವಾಡಿಕೆಯಲ್ಲ; 40 ದಾಟಿದರೆ ಆಸ್ಪತ್ರೆಗೆ ಹೊರಡುವುದು ಒಳ್ಳೆಯದು. ಬೆಕ್ಕು ನೋವನ್ನೂ ಸುಸ್ತನ್ನೂ ಕೊನೆಯವರೆಗೆ ಮುಚ್ಚಿಟ್ಟುಕೊಳ್ಳುವ ಪ್ರಾಣಿಯಾದ್ದರಿಂದ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದರ ರಕ್ತ ಅರ್ಧಕ್ಕೆ ಇಳಿದಿದ್ದರೂ ಆಶ್ಚರ್ಯವಿಲ್ಲ. ತುಟಿಯನ್ನು ಮೆಲ್ಲಗೆ ಎತ್ತಿ ಒಸಡು ನೋಡುವ ಅಭ್ಯಾಸ ಬೆಕ್ಕು ಚೆನ್ನಾಗಿರುವಾಗಲೇ ಮನೆಯವರಿಗೆ ಇರಬೇಕು. ಸರಿಯಾದ ಬಣ್ಣ ಯಾವುದೆಂದು ಕಂಡಿದ್ದರೆ ತಾನೆ ತಪ್ಪಿದ ಬಣ್ಣ ಗೊತ್ತಾಗುವುದು.

ಹೀಮೋಫೆಲಿಸ್‌ಗೆ ಇಬ್ಬರು ದಾಯಾದಿಗಳಿದ್ದಾರೆ. ಒಂದು ಹೀಮೊಮಿನ್ಯೂಟಮ್, ಸಾಮಾನ್ಯವಾಗಿ ಸೌಮ್ಯ, ಯಾವ ಲಕ್ಷಣವೂ ಇಲ್ಲದ ಬೆಕ್ಕುಗಳಲ್ಲೂ ಸಿಗುತ್ತದೆ. ಇನ್ನೊಂದು 2005ರಲ್ಲಿ ಸ್ವಿಟ್ಜರ್ಲೆಂಡಿನ ಬೆಕ್ಕೊಂದರಲ್ಲಿ ಗುರುತಿಸಿದ ಟ್ಯೂರಿಸೆನ್ಸಿಸ್. ನಮಗೆ ಹತ್ತಿರದ ಮಾಹಿತಿ ನೆರೆಯ ಕೇರಳದ್ದು: ವಯನಾಡಿನ ಪೂಕೋಡು ಪಶುವೈದ್ಯಕೀಯ ಕಾಲೇಜಿನ ಸಂಶೋಧಕರು ಸಾಕುಬೆಕ್ಕುಗಳ ರಕ್ತದಲ್ಲಿ ಈ ಗುಂಪಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಪತ್ತೆಹಚ್ಚಿ 2021ರಲ್ಲಿ ಪ್ರಕಟಿಸಿದರು. ಇವು ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಹೋಗುವ ದಾರಿಯ ಬಗ್ಗೆ ಚಿಗಟದ ಮೇಲೆ ಅನುಮಾನ ಹಳೆಯದು. ಚಿಗಟದೊಳಗೆ ಇವುಗಳ ಡಿಎನ್‌ಎ ಸಿಗುವುದು ನಿಜವಾದರೂ ಪ್ರಯೋಗದಲ್ಲಿ ಚಿಗಟದ ಮೂಲಕ ರೋಗ ದಾಟಿಸುವುದು ಸಲೀಸಾಗಿ ಕೈಗೂಡಿಲ್ಲ. ರಕ್ತ ಸುರಿಯುವಂತೆ ಕಚ್ಚಾಡಿದಾಗ ಮತ್ತು ಸೋಂಕಿದ ಬೆಕ್ಕಿನ ರಕ್ತವನ್ನು ಇನ್ನೊಂದಕ್ಕೆ ಕೊಟ್ಟಾಗ ದಾಟುತ್ತದೆ ಎಂಬುದು ಹೆಚ್ಚು ಗಟ್ಟಿ. ಲೋಕದ ಬೇರೆ ಬೇರೆ ಕಡೆಯ ಅಧ್ಯಯನಗಳಲ್ಲಿ ಗಂಡು ಬೆಕ್ಕು, ವಯಸ್ಸಾದ ಬೆಕ್ಕು, ಹೊರಗೆ ಅಲೆಯುವ ಬೆಕ್ಕುಗಳಲ್ಲಿ ಸೋಂಕು ಹೆಚ್ಚು ಕಂಡಿರುವುದೂ ಇದಕ್ಕೆ ಹೊಂದುತ್ತದೆ. ತುಮಕೂರಿನ ಅಪಾರ್ಟ್‌ಮೆಂಟುಗಳ ಕೆಲವು ಬೆಕ್ಕುಗಳನ್ನು ಬಿಟ್ಟರೆ ಈ ಸೀಮೆಯ ಬೆಕ್ಕುಗಳೆಲ್ಲ ಬೇಲಿ, ಹೆಂಚು, ತೋಟ ಸುತ್ತುವಂಥವೇ. ಬೀಜ ತೆಗೆಸಿದ ಗಂಡು ಬೆಕ್ಕು ಹಳ್ಳಿಯಲ್ಲಿ ಅಪರೂಪ. ಆದ್ದರಿಂದ ಇಲ್ಲಿಯ ಬೆಕ್ಕು ಬಿಳಿಚಿಕೊಂಡಾಗ ಈ ಸೋಂಕನ್ನು ಅನುಮಾನದ ಪಟ್ಟಿಯ ಕೊನೆಗೆ ತಳ್ಳಲು ಕಾರಣವಿಲ್ಲ.

ಹಾಗೆಂದು ಪಟ್ಟಿಯಲ್ಲಿ ಅದೊಂದನ್ನೇ ಇಟ್ಟುಕೊಂಡರೂ ತಪ್ಪಾಗುತ್ತದೆ. ಮರಿಬೆಕ್ಕಿನ ಮೈಮೇಲೆ ಚಿಗಟ ಜಾಸ್ತಿಯಾದರೆ ಅವು ಹೀರಿದ ರಕ್ತದಿಂದಲೇ ಒಸಡು ಬೆಳ್ಳಗಾಗುತ್ತದೆ. ಕೊಕ್ಕೆಹುಳುವಿನಿಂದಲೂ ಹಾಗೇ. ವಯಸ್ಸಾದ ಬೆಕ್ಕಿನಲ್ಲಿ ಮೂತ್ರಪಿಂಡ ಸೋತಾಗ ಹೊಸ ರಕ್ತಕಣ ತಯಾರಾಗುವುದೇ ಕುಂಠಿತವಾಗುತ್ತದೆ. ಬೆಕ್ಕುಗಳ ಲ್ಯುಕೀಮಿಯಾ ವೈರಸ್ ಅಸ್ಥಿಮಜ್ಜೆಯನ್ನೇ ಕೆಡಿಸುತ್ತದೆ. ಈರುಳ್ಳಿ ಬೆಳ್ಳುಳ್ಳಿ ಹೆಚ್ಚಾಗಿರುವ ಅಡುಗೆಯೂ ಬೆಕ್ಕಿನ ಕೆಂಪು ಕಣಗಳನ್ನು ಒಡೆಯುತ್ತದೆ. ಎಲ್ಲಕ್ಕಿಂತ ಘೋರವಾದದ್ದು ಪ್ಯಾರಾಸಿಟಮಾಲ್. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಜ್ವರ ಇಳಿಯಲೆಂದು ಪ್ರೀತಿಯಿಂದ ಕೊಟ್ಟ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಇವೆಲ್ಲ ಹೊರನೋಟಕ್ಕೆ ಒಂದೇ: ಮಂಕು, ಬಿಳಿಚಿದ ಒಸಡು, ಊಟ ಬಿಟ್ಟದ್ದು. ಚಿಕಿತ್ಸೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಈ ಗೋಜಲನ್ನು ಬಿಡಿಸುವುದು ಗಾಜಿನ ತುಂಡಿನ ಮೇಲೆ ಸವರಿದ ಒಂದು ಹನಿ ರಕ್ತ ಮತ್ತು ಸಣ್ಣ ಗಾಜಿನ ನಳಿಗೆಯಲ್ಲಿ ತಿರುಗಿಸಿ ನೋಡುವ ಇನ್ನೆರಡು ಹನಿ. ನಳಿಗೆಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಕೆಂಪು ಕಣಗಳು ತಳಕ್ಕೆ ಕೂರುತ್ತವೆ. ಆರೋಗ್ಯದ ಬೆಕ್ಕಿನಲ್ಲಿ ಅವು ಒಟ್ಟು ರಕ್ತದ ಶೇ 25ರಿಂದ 45ರಷ್ಟಿರುತ್ತವೆ. ಶೇ 15ಕ್ಕೆ ಇಳಿದಿದ್ದರೆ ವಿಷಯ ಗಂಭೀರ. ಮೇಲೆ ನಿಲ್ಲುವ ತಿಳಿದ್ರವ ಹಳದಿಯಾಗಿದ್ದರೆ ಕಣಗಳು ಮೈಯೊಳಗೇ ಒಡೆಯುತ್ತಿರಬಹುದೆಂಬ ಸೂಚನೆಯೂ ಜೊತೆಗೆ ಸಿಕ್ಕಿತು. ಮೂರು ಕಿಲೋ ತೂಕದ ಬೆಕ್ಕಿನ ಮೈಯಲ್ಲಿ ಸುಮಾರು 180 ಮಿಲಿಲೀಟರ್ ರಕ್ತವಿರುತ್ತದೆ; ಪರೀಕ್ಷೆಗೆ ತೆಗೆಯುವುದು ಒಂದು ಮಿಲಿಲೀಟರ್. ಅದರಿಂದ ಬೆಕ್ಕಿಗೆ ತೊಂದರೆಯಿಲ್ಲ.

ಗಾಜಿನ ಮೇಲೆ ಸವರಿದ ರಕ್ತಕ್ಕೆ ಪಶುವೈದ್ಯರು ಸ್ಮಿಯರ್ ಎನ್ನುತ್ತಾರೆ. ಅದನ್ನು ಜೀಮ್ಸಾ ಬಣ್ಣದಲ್ಲಿ ಅದ್ದಿ ಮೈಕ್ರೋಸ್ಕೋಪಿನ ಎಣ್ಣೆ ಮಸೂರದಡಿ ನೋಡಿದರೆ ಕೆಂಪು ಕಣಗಳ ಅಂಚಿನಲ್ಲಿ, ಮೇಲ್ಮೈಯಲ್ಲಿ, ಅರ್ಧ ಮೈಕ್ರೋಮೀಟರ್ ಆಸುಪಾಸಿನ ನೀಲಿ ನೇರಳೆ ಚುಕ್ಕೆಗಳು ಸರಪಣಿಯಂತೆ ಕಾಣಬಹುದು. ತುಮಕೂರು ಜಿಲ್ಲೆಯ ಪಶುವೈದ್ಯರಿಗೆ ಈ ಕೆಲಸ ಹೊಸದಲ್ಲ. ಹಾಲು ಒಕ್ಕೂಟ ಬೆಳೆದು, ಮಿಶ್ರತಳಿ ಹಸುಗಳು ಮನೆಮನೆಗೆ ಬಂದ ಮೇಲೆ ಉಣ್ಣೆಯಿಂದ ಹರಡುವ ಥೈಲೇರಿಯಾ, ಬೆಬೇಸಿಯಾ, ಅನಾಪ್ಲಾಸ್ಮಾ ಇಲ್ಲಿಯ ನಿತ್ಯದ ತಲೆನೋವಾದವು. ಅವುಗಳಲ್ಲಿ ಅನಾಪ್ಲಾಸ್ಮಾ ದನದ ಕೆಂಪು ಕಣದಲ್ಲಿ ಚುಕ್ಕೆಯಾಗಿ ಕಾಣುವ ಬ್ಯಾಕ್ಟೀರಿಯಾವೇ. ಹಸುವಿಗೆ ವಿಪರೀತ ಜ್ವರ ಬಂದು ಗ್ರಂಥಿ ಊದಿದರೆ ಕಿವಿಯ ತುದಿಯ ರಕ್ತ ಸವರಿ ನೋಡುವುದನ್ನು ಪಶುವೈದ್ಯರು ಕಾಲೇಜಿನಲ್ಲೇ ಕಲಿತಿರುತ್ತಾರೆ. ಅದೇ ಗಾಜು, ಅದೇ ಬಣ್ಣ, ಅದೇ ಮಸೂರ ಬೆಕ್ಕಿಗೂ ಸಾಕು. ಬದಲಾಗಬೇಕಾದದ್ದು ಎರಡು ಸಣ್ಣ ಅಭ್ಯಾಸ. ಒಂದು, ಬೆಕ್ಕಿನ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಬಾಟಲಿಗೆ ಹಾಕಿಟ್ಟು ಸಂಜೆ ನೋಡಿದರೆ ಅಂಟಿಕೊಂಡಿದ್ದ ಬ್ಯಾಕ್ಟೀರಿಯಾ ಕಣ ಬಿಟ್ಟು ಉದುರಿಬಿಡುತ್ತದೆ. ಆದ್ದರಿಂದ ಸೂಜಿ ತೆಗೆದ ಕೂಡಲೇ, ಬಾಟಲಿಗೆ ಹಾಕುವ ಮುಂಚೆ, ಗಾಜಿನ ಮೇಲೆ ಸವರಬೇಕು. ಇನ್ನೊಂದು, ಬಣ್ಣವನ್ನು ಸೋಸಿ ಬಳಸಬೇಕು. ಬಣ್ಣದ ಹಿಟ್ಟು ಕಣಗಳ ಮೇಲೆ ಕೂತರೆ ಅದೂ ಬ್ಯಾಕ್ಟೀರಿಯಾದ ಹಾಗೆಯೇ ಕಾಣುತ್ತದೆ. ಬೆಕ್ಕಿನ ರಕ್ತದಲ್ಲಿ ಸಹಜವಾಗಿ ಅಷ್ಟಿಷ್ಟು ಸಿಗುವ ಹೊವೆಲ್ ಜಾಲಿ ಕಾಯಗಳೆಂಬ ಚುಕ್ಕೆಗಳೂ ಅನುಭವವಿಲ್ಲದ ಕಣ್ಣನ್ನು ದಾರಿ ತಪ್ಪಿಸುತ್ತವೆ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ, ಅದನ್ನು ಎತ್ತುವವರು ಬೆಕ್ಕಿನ ರೋಗ ಬಲ್ಲವರೇ. ಸ್ಮಿಯರ್ ನಂಬಿಕೆಗೆ ಅರ್ಹವಲ್ಲ ಎನ್ನುತ್ತಾರೆ ಅವರು. ಮಾತು ಸರಿ. ಹೀಮೋಫೆಲಿಸ್ ರಕ್ತದಲ್ಲಿ ಒಂದೇ ಸಮನೆ ಇರುವುದಿಲ್ಲ. ತುಂಬಿ ತುಳುಕುತ್ತಿದ್ದದ್ದು ಕೆಲವೇ ಗಂಟೆಗಳಲ್ಲಿ ಹುಡುಕಿದರೂ ಸಿಗದಷ್ಟು ಕಡಿಮೆಯಾಗಬಲ್ಲದು. ಪಿಸಿಆರ್ ಪರೀಕ್ಷೆಯ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಸೋಂಕಿದ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸ್ಮಿಯರ್ ತಪ್ಪಿಸಿಕೊಂಡಿದೆ. ಹಾಗಿದ್ದ ಮೇಲೆ ಗುಬ್ಬಿಯಲ್ಲಿ ಗಾಜು ನೋಡಿ ಏನು ಪ್ರಯೋಜನ, ನೇರವಾಗಿ ಬೆಂಗಳೂರಿಗೇ ಕಳಿಸಬಾರದೇ? ಸ್ಮಿಯರನ್ನು ಬ್ಯಾಕ್ಟೀರಿಯಾ ಹುಡುಕುವ ಸಾಧನವೆಂದಷ್ಟೇ ಎಣಿಸಿದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಅದು ಹೇಳುವುದು ಅದಕ್ಕಿಂತ ಬಹಳ ಹೆಚ್ಚು. ಗಾತ್ರದಲ್ಲಿ ದೊಡ್ಡ, ಬಣ್ಣದಲ್ಲಿ ನೀಲಿಛಾಯೆಯ ಎಳೆಯ ಕೆಂಪು ಕಣಗಳು ಧಾರಾಳವಾಗಿದ್ದರೆ ಅಸ್ಥಿಮಜ್ಜೆ ಕೆಲಸ ಮಾಡುತ್ತಿದೆ, ರಕ್ತ ಒಡೆಯುತ್ತಿದೆ ಅಥವಾ ಸೋರುತ್ತಿದೆ ಎಂದರ್ಥ. ಅವು ಇಲ್ಲದಿದ್ದರೆ ಮೂತ್ರಪಿಂಡದ ಕಡೆಗೋ ಲ್ಯುಕೀಮಿಯಾ ವೈರಸ್ಸಿನ ಕಡೆಗೋ ನೋಡಬೇಕು. ಕಣದ ಅಂಚಿನಲ್ಲಿ ಗುಬುಟಿನಂಥ ಹೈನ್ಜ್ ಕಾಯಗಳು ಬಹಳ ಇದ್ದರೆ ಪ್ಯಾರಾಸಿಟಮಾಲ್ ಅಥವಾ ಈರುಳ್ಳಿಯ ಬಗ್ಗೆ ಮನೆಯವರನ್ನು ಕೇಳಬೇಕು. ಕಣಗಳು ಒಂದಕ್ಕೊಂದು ಅಂಟಿ ಮುದ್ದೆಗಟ್ಟಿದ್ದರೆ ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದಿದೆ. ಬಿಳಿ ಕಣಗಳು ಕಾಣದಷ್ಟು ಕಡಿಮೆಯಾಗಿದ್ದರೆ ಮರಿಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ ನೆನಪಾಗಬೇಕು. ಅರ್ಧ ಗಂಟೆಯಲ್ಲಿ, ಕೆಲವೇ ರೂಪಾಯಿಯ ಸಾಮಗ್ರಿಯಲ್ಲಿ ಇಷ್ಟು ವಿಷಯ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಬ್ಯಾಕ್ಟೀರಿಯಾ ಕಾಣಲಿಲ್ಲವೆಂದರೆ ಇಲ್ಲವೆಂದಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಪಿಸಿಆರ್ ಬೇಕಾಗುವುದು ಇದರ ಮುಂದಿನ ಹೆಜ್ಜೆಯಾಗಿ. ಅದು ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹಿಡಿಯುವುದರಿಂದ ಕಣ್ಣಿಗೆ ಕಾಣದಷ್ಟು ಕಡಿಮೆಯಿದ್ದರೂ ಸಿಗುತ್ತದೆ, ಮೂರು ಜಾತಿಗಳಲ್ಲಿ ಯಾವುದೆಂದೂ ಹೇಳುತ್ತದೆ. ಇದಕ್ಕೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್, ಕುಣಿಗಲ್ಲಿನಿಂದಲೂ ಹೆಚ್ಚುಕಡಿಮೆ ಅಷ್ಟೇ; ಗುಬ್ಬಿಗೆ ರೈಲೂ ಇದೆ. ಇಡಿಟಿಎ ಬಾಟಲಿಯ ಒಂದು ಮಿಲಿಲೀಟರ್ ರಕ್ತ, ಮಂಜುಗಡ್ಡೆಯ ಪುಟ್ಟ ಡಬ್ಬಿಯಲ್ಲಿ, ಅದೇ ದಿನ ಪ್ರಯೋಗಾಲಯ ತಲುಪಬಲ್ಲದು. 1958ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಸಂಕೀರ್ಣ ರೋಗಿಗಳನ್ನು ಕಳಿಸುವ ಜಾಗವಾಗಿ ಈ ಜಿಲ್ಲೆಯ ವೈದ್ಯರಿಗೆ ಮೊದಲಿನಿಂದಲೂ ಗೊತ್ತು. ರಕ್ತ ಹೊರಡುವ ಮೊದಲು ಆಂಟಿಬಯಾಟಿಕ್ ಕೊಟ್ಟಿರಬಾರದು ಎಂಬುದೊಂದೇ ಷರತ್ತು. ಔಷಧ ಬಿದ್ದ ಕೆಲವು ದಿನಗಳಲ್ಲಿ ಬ್ಯಾಕ್ಟೀರಿಯಾ ಕುಗ್ಗಿ ಪಿಸಿಆರ್ ಕೂಡ ಇಲ್ಲವೆನ್ನಬಹುದು.

ಎರಡನೆಯ ಆಕ್ಷೇಪ ಹಣದ್ದು, ಮತ್ತು ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಡಾಕ್ಸಿಸೈಕ್ಲಿನ್ ಅಗ್ಗದ ಔಷಧ, ಈ ಬ್ಯಾಕ್ಟೀರಿಯಾಕ್ಕೆ ಅದೇ ಮೊದಲ ಆಯ್ಕೆ. ಪರೀಕ್ಷೆಯ ಖರ್ಚು ಔಷಧದ ಖರ್ಚಿನ ಎಷ್ಟೋ ಪಟ್ಟು. ಕೊಟ್ಟು ನೋಡೋಣ, ಚೇತರಿಸಿಕೊಂಡರೆ ಅದೇ ರೋಗವೆಂದಾಯಿತು ಎಂಬ ತರ್ಕ ದುಡಿಯುವ ಮನೆಗೆ ಸಹಜವಾದದ್ದು. ಬೆಕ್ಕು ಏದುಸಿರು ಬಿಡುತ್ತಿರುವಾಗ ಪಿಸಿಆರ್ ಫಲಿತಾಂಶಕ್ಕೆ ಕಾಯುತ್ತ ಕೂರಬೇಕೆಂದು ಯಾವ ವೈದ್ಯರೂ ಹೇಳುವುದಿಲ್ಲ. ಅಂಥ ಬೆಕ್ಕಿಗೆ ರಕ್ತ ತೆಗೆದ ಮರುಕ್ಷಣವೇ ಡಾಕ್ಸಿಸೈಕ್ಲಿನ್ ಶುರುವಾಗಬೇಕು. ನನ್ನ ಒತ್ತಾಯ ಆ ಕ್ರಮದ ಮೇಲೆ ಮಾತ್ರ: ಮೊದಲು ರಕ್ತ, ಆಮೇಲೆ ಔಷಧ. ಪಿಸಿಆರ್ ಮಾಡಿಸಲಾಗದ ಮನೆಯಾದರೂ ಸ್ಮಿಯರ್ ಮತ್ತು ನಳಿಗೆಯ ಪರೀಕ್ಷೆ ಆಗಿಬಿಡಲಿ. ಕಣ್ಣುಮುಚ್ಚಿ ಕೊಟ್ಟ ಔಷಧದಿಂದ ಗುಣ ಕಂಡರೂ ಅದು ಪುರಾವೆಯಾಗುವುದಿಲ್ಲ. ಈ ಸೋಂಕು ತಾನಾಗಿಯೇ ಏರಿಳಿಯುವಂಥದು, ಇಳಿತದ ದಿನ ಕೊಟ್ಟ ಔಷಧಕ್ಕೆ ಹೆಸರು ಬರುತ್ತದೆ. ಗುಣ ಕಾಣದಿದ್ದರೆ ಇನ್ನೂ ಕಷ್ಟ. ಕೊಕ್ಕೆಹುಳು ರಕ್ತ ಹೀರುತ್ತಲೇ ಇರುತ್ತದೆ, ಮೂತ್ರಪಿಂಡ ಸೋಲುತ್ತಲೇ ಇರುತ್ತದೆ, ವಾರ ಕಳೆದಿರುತ್ತದೆ. ರಕ್ತ ಒಡೆಯುತ್ತಿದೆಯೆಂದು ಊಹಿಸಿ ಸ್ಟೀರಾಯ್ಡ್ ಚುಚ್ಚಿಸಿದರೆ ತೆಪ್ಪಗಿದ್ದ ಸೋಂಕು ಮತ್ತೆ ತಲೆಯೆತ್ತಬಹುದು. ನಿರೋಧಕ ವ್ಯವಸ್ಥೆ ತಿರುಗಿಬಿದ್ದದ್ದು ಗಾಜಿನ ಮೇಲೆ ಕಂಡ ಮೇಲೆ, ಆಂಟಿಬಯಾಟಿಕ್‌ನ ಜೊತೆಗೆ, ಅದರ ಅಗತ್ಯವನ್ನು ವೈದ್ಯರು ತೂಗಿ ನೋಡಬೇಕು.

ಡಾಕ್ಸಿಸೈಕ್ಲಿನ್ ಕೊಡುವುದರಲ್ಲೂ ಒಂದು ರೀತಿ ಇದೆ, ಅದು ತಿಳಿಯದೆ ಕೊಟ್ಟರೆ ಮದ್ದೇ ಮುಳ್ಳಾಗುತ್ತದೆ. ಬೆಕ್ಕಿಗೆ ದಿನಕ್ಕೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಒಮ್ಮೆಗೋ ಎರಡು ಸಲಕ್ಕೆ ಹಂಚಿಯೋ. ಮೂರು ಕಿಲೋ ಬೆಕ್ಕಿಗೆ ಇಡೀ ದಿನಕ್ಕೆ 30 ಮಿಲಿಗ್ರಾಂ. ಮನುಷ್ಯರಿಗೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕ್ಯಾಪ್ಸೂಲು 100 ಮಿಲಿಗ್ರಾಂನದು, ಅಂದರೆ ಮೂರು ಪಟ್ಟು ಜಾಸ್ತಿ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡು ಒಳಪದರವನ್ನು ಸುಟ್ಟು ಹುಣ್ಣುಮಾಡುತ್ತದೆ. ಹುಣ್ಣು ಮಾಯುವಾಗ ನಾಳವೇ ಕಿರಿದಾಗಿ ಬೆಕ್ಕು ನುಂಗಲಾರದೆ ಸೊರಗಬಹುದು. ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ ಐದಾರು ಮಿಲಿಲೀಟರ್ ನೀರನ್ನು ಕೆನ್ನೆಯ ಬದಿಯಿಂದ ಮೆಲ್ಲಗೆ ಕುಡಿಸಬೇಕು, ಇಲ್ಲವೇ ಕೂಡಲೇ ಊಟ ಕೊಡಬೇಕು. ಹಾಲಿಗೆ ಬೆರೆಸುವುದು ಬೇಡ. ಹಾಲಿನ ಕ್ಯಾಲ್ಸಿಯಂ ಔಷಧವನ್ನು ಹಿಡಿದುಕೊಂಡು ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಎರಡರಿಂದ ನಾಲ್ಕು ವಾರದ ಕೋರ್ಸು ಮುಗಿಸಲೇಬೇಕು. ನಾಲ್ಕನೇ ದಿನ ಬೆಕ್ಕು ಎದ್ದು ಓಡಾಡಿತೆಂದು ನಿಲ್ಲಿಸುವುದೇ ನಮ್ಮಲ್ಲಿ ಹೆಚ್ಚು. ಪೂರ್ತಿ ಕೊಟ್ಟ ಮೇಲೂ ಬ್ಯಾಕ್ಟೀರಿಯಾ ಮೈಯಿಂದ ಬೇರುಸಹಿತ ಹೋಗುತ್ತದೆಂಬ ಖಾತರಿಯಿಲ್ಲ; ಎಷ್ಟೋ ಬೆಕ್ಕುಗಳು ಗುಣವಾಗಿಯೂ ವಾಹಕಗಳಾಗಿ ಉಳಿಯುತ್ತವೆ. ಅಂಥ ಬೆಕ್ಕಿನ ರಕ್ತವನ್ನು ಇನ್ನೊಂದಕ್ಕೆ ಕೊಡಬಾರದು. ಡಾಕ್ಸಿಸೈಕ್ಲಿನ್ ಒಗ್ಗದಿದ್ದರೆ ಮಾರ್ಬೋಫ್ಲಾಕ್ಸಸಿನ್, ಪ್ರಾಡೋಫ್ಲಾಕ್ಸಸಿನ್ ಇವೆ. ಅದೇ ಗುಂಪಿನ ಎನ್ರೋಫ್ಲಾಕ್ಸಸಿನ್ ದನಗಳ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವುದರಿಂದ ಕೈಗೆ ಬೇಗ ಸಿಗುತ್ತದೆ. ಆದರೆ ಬೆಕ್ಕಿನಲ್ಲಿ ದಿನಕ್ಕೆ ಕಿಲೋಗೆ 5 ಮಿಲಿಗ್ರಾಂ ಮೀರಿದರೆ ಅಕ್ಷಿಪಟ ಕೆಟ್ಟು ಶಾಶ್ವತ ಕುರುಡಾಗುವ ಅಪಾಯವಿದೆ. ರಕ್ತ ತೀರಾ ಇಳಿದ ಬೆಕ್ಕಿಗೆ ಬೇರೆ ಬೆಕ್ಕಿನ ರಕ್ತ ಕೊಡಬೇಕಾಗಿ ಬಂದರೆ ಗುಂಪು ನೋಡದೆ ಕೊಡುವಂತಿಲ್ಲ. ಬೆಕ್ಕುಗಳಲ್ಲಿ ಎ, ಬಿ, ಎಬಿ ಎಂಬ ಗುಂಪುಗಳಿವೆ. ಬಿ ಗುಂಪಿನ ಬೆಕ್ಕಿಗೆ ಎ ಗುಂಪಿನ ರಕ್ತ ಮೊದಲ ಸಲವೇ, ಸ್ವಲ್ಪವೇ ಹೋದರೂ ಪ್ರಾಣಕ್ಕೆ ಎರವಾಗಬಹುದು.

ಚಿಗಟದ ವಿಷಯದಲ್ಲಿ ಪ್ರತ್ಯೇಕವಾಗಿ ಹೇಳಬೇಕಾದ ಒಂದು ಮಾತಿದೆ. ಕೊಟ್ಟಿಗೆಯಿರುವ ಮನೆಗಳಲ್ಲಿ ದನದ ಉಣ್ಣೆಗೆ ಸಿಂಪಡಿಸುವ ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್ ಬಾಟಲಿ ಇದ್ದೇ ಇರುತ್ತದೆ. ಅದನ್ನೇ ನೀರಿಗೆ ಬೆರೆಸಿ ಬೆಕ್ಕಿನ ಮೈಗೆ ಹಚ್ಚಿದರೆ ನಡುಕ, ಸೆಳವು ಬಂದು ಬೆಕ್ಕು ಸಾಯಬಹುದು. ಈ ಜಾತಿಯ ಕೀಟನಾಶಕಗಳನ್ನು ಬೆಕ್ಕಿನ ದೇಹ ಅರಗಿಸಿಕೊಳ್ಳಲಾರದು, ಮೈಯನ್ನು ನೆಕ್ಕಿ ಸ್ವಚ್ಛ ಮಾಡಿಕೊಳ್ಳುವುದರಿಂದ ಹೊಟ್ಟೆಗೂ ಹೋಗುತ್ತದೆ. ನಾಯಿಗೆಂದು ಮಾರುವ, ಪರ್ಮೆಥ್ರಿನ್ ಇರುವ ಹನಿಮದ್ದೂ ಹಾಗೇ. ಬೆಕ್ಕಿಗೆಂದೇ ಇರುವ ಹನಿಮದ್ದನ್ನು ತೂಕ ನೋಡಿ ಹಾಕಿಸುವುದು, ಮಲಗುವ ಗೋಣಿಚೀಲವನ್ನು ಕುದಿನೀರಿನಲ್ಲಿ ಒಗೆಯುವುದು, ಗಂಡು ಬೆಕ್ಕಿಗೆ ಬೀಜ ತೆಗೆಸಿ ಕಾದಾಟ ತಗ್ಗಿಸುವುದು, ಇಷ್ಟರಿಂದ ಸೋಂಕಿನ ದಾರಿಗಳು ಬಹುಮಟ್ಟಿಗೆ ಮುಚ್ಚುತ್ತವೆ.

ಕೊನೆಯ ಆಕ್ಷೇಪ ಪಶು ಆಸ್ಪತ್ರೆಯ ಬಾಗಿಲಲ್ಲೇ ಕೇಳಿಬರುವಂಥದು: ಹಾಲು ಕೊಡುವ ಹಸು ಸರದಿಯಲ್ಲಿ ನಿಂತಿರುವಾಗ ಬೆಕ್ಕಿನ ರಕ್ತ ನೋಡುತ್ತ ಕೂರಲು ವೈದ್ಯರಿಗೆ ಪುರುಸೊತ್ತೆಲ್ಲಿ? ವೈದ್ಯರ ಹುದ್ದೆಗಳು ಕಡಿಮೆ, ಹಳ್ಳಿಗಳು ಹೆಚ್ಚು. 1962 ಸಂಖ್ಯೆಗೆ ಕರೆ ಮಾಡಿದರೆ ಮನೆಬಾಗಿಲಿಗೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳೂ ಮುಖ್ಯವಾಗಿ ಜಾನುವಾರಿಗಾಗಿಯೇ ಇರುವಂಥವು. ಹಸುವಿನ ಹಿಂದೆ ಒಂದು ಸಂಸಾರದ ತಿಂಗಳ ಖರ್ಚಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಸರದಿಯಲ್ಲಿ ಹಸುವೇ ಮುಂದಿರಲಿ. ಆದರೆ ರಕ್ತ ನೋಡುವ ವಿದ್ಯೆ ಒಂದು ಪ್ರಾಣಿಗೆಂದು ಬಂದು ಇನ್ನೊಂದಕ್ಕೆ ಒದಗುವುದು ಪಶುವೈದ್ಯಕೀಯದಲ್ಲಿ ಮೊದಲಿನಿಂದ ನಡೆದುಬಂದದ್ದು. 1880ರಲ್ಲಿ ಗ್ರಿಫಿತ್ ಎವಾನ್ಸ್ ಎಂಬ ಪಶುವೈದ್ಯ ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಸರ್ರಾ ರೋಗದಿಂದ ಸಾಯುತ್ತಿದ್ದ ಕುದುರೆ ಮತ್ತು ಒಂಟೆಗಳ ರಕ್ತವನ್ನು ಮೈಕ್ರೋಸ್ಕೋಪಿನಡಿ ಇಟ್ಟು ಅಲ್ಲಿ ಈಜಾಡುತ್ತಿದ್ದ ಟ್ರಿಪನೊಸೋಮ್ ಜೀವಿಯನ್ನು ಕಂಡ. ಆ ಕುಲದ ಜೀವಿ ರೋಗ ತರುತ್ತದೆಂದು ಲೋಕಕ್ಕೆ ತಿಳಿದದ್ದು ಅಲ್ಲಿಂದ. ಆಫ್ರಿಕಾದ ಮನುಷ್ಯರ ನಿದ್ರಾರೋಗ ಅದೇ ಕುಲದ ಜೀವಿಯಿಂದ ಬರುವುದೆಂದು ಗೊತ್ತಾದದ್ದು ಆಮೇಲೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿಗೆ ಪ್ರಾಣಿಯ ಆರೋಗ್ಯ ಅದರ ರಕ್ತದಲ್ಲಿದೆ ಎಂದು ಹೊಸದಾಗಿ ಹೇಳಿಕೊಡಬೇಕಿಲ್ಲ.

ಬೆಕ್ಕಿನ ರಕ್ತಕ್ಕೂ ಮನೆಯ ಮಕ್ಕಳ ಆರೋಗ್ಯಕ್ಕೂ ನೇರವಾದ ಸಂಬಂಧವೂ ಇದೆ. ಬಾರ್ಟೊನೆಲ್ಲಾ ಹೆನ್ಸೆಲೇ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬೆಕ್ಕಿನ ರಕ್ತದಲ್ಲಿ ತಿಂಗಳುಗಟ್ಟಲೆ ಇರಬಲ್ಲದು, ಬಹುಪಾಲು ಬೆಕ್ಕುಗಳಿಗೆ ಅದರಿಂದ ಏನೂ ಆಗುವುದಿಲ್ಲ. ಚಿಗಟದ ಹಿಕ್ಕೆಯಲ್ಲಿ ಹೊರಬಿದ್ದ ಬ್ಯಾಕ್ಟೀರಿಯಾ ಬೆಕ್ಕಿನ ಉಗುರಿನ ಸಂದಿಗೆ ಸೇರಿ, ಪರಚಿದಾಗ ಮನುಷ್ಯರ ಮೈ ಹೊಗುತ್ತದೆ. ಪರಚಿದ ಜಾಗದಲ್ಲಿ ಸಣ್ಣ ಗುಳ್ಳೆ, ಒಂದೆರಡು ವಾರದಲ್ಲಿ ಕಂಕುಳಲ್ಲೋ ಕುತ್ತಿಗೆಯಲ್ಲೋ ಗ್ರಂಥಿ ಊತ, ಸಣ್ಣ ಜ್ವರ. 1950ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ರಾಬರ್ಟ್ ದಬ್ರೆ ಇದನ್ನು ಬೆಕ್ಕಿನ ಪರಚು ರೋಗವೆಂದು ವರ್ಣಿಸಿದರು; ಕಾರಣವಾದ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿದ್ದು 1990ರ ದಶಕದ ಆರಂಭದಲ್ಲಿ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎಚ್‌ಐವಿ ಸೋಂಕಿತರು, ಹೃದಯದ ಕವಾಟಕ್ಕೆ ತೊಂದರೆಯಿರುವವರಲ್ಲಿ ಮಾತ್ರ ಗಂಭೀರವಾಗಬಹುದು. ಇಲ್ಲಿ ಆಗುವ ತಪ್ಪು ಹಿಂದೆ ಹೇಳಿದ್ದಕ್ಕೆ ತದ್ವಿರುದ್ಧ: ಹೆದರಿ, ಚೆನ್ನಾಗಿರುವ ಬೆಕ್ಕಿಗೆ ಆಂಟಿಬಯಾಟಿಕ್ ಕೊಡಿಸುವುದು. ಅದರಿಂದ ಬ್ಯಾಕ್ಟೀರಿಯಾ ಪೂರ್ತಿ ಹೋಗುವ ಖಾತರಿಯಿಲ್ಲ, ಔಷಧಕ್ಕೆ ಬಗ್ಗದ ತಳಿ ಬೆಳೆಯುವ ಭಯ ಮಾತ್ರ ಖಂಡಿತ. ಲಕ್ಷಣವಿಲ್ಲದ ಬೆಕ್ಕಿಗೆ ಚಿಗಟ ನಿಯಂತ್ರಣ ಸಾಕು, ಪರಚಿದ ಗಾಯವನ್ನು ಕೂಡಲೇ ಸೋಪು ನೀರಿನಲ್ಲಿ ತೊಳೆದರೆ ಸಾಕು. ಬೆಕ್ಕು ಕಚ್ಚಿದ್ದರೂ ಪರಚಿದ್ದರೂ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳುವುದಂತೂ ಬಿಡಬಾರದು. ಮಗುವಿನ ಕಂಕುಳಲ್ಲಿ ಗಂಟು ಕಂಡಾಗ ನಮ್ಮ ಕಡೆ ಮೊದಲು ಹೊಳೆಯುವುದು ಕ್ಷಯ. ಹೊಳೆಯಬೇಕಾದದ್ದೇ, ಆ ಪರೀಕ್ಷೆ ತಪ್ಪಿಸುವಂತಿಲ್ಲ. ಜೊತೆಗೆ ಮನೆಯಲ್ಲಿ ಬೆಕ್ಕಿದೆ, ಹದಿನೈದು ದಿನದ ಹಿಂದೆ ಪರಚಿತ್ತು ಎಂಬುದನ್ನೂ ವೈದ್ಯರಿಗೆ ಹೇಳಬೇಕು. ಬೆಕ್ಕನ್ನು ನೋಡಿದ ಪಶುವೈದ್ಯರ ಚೀಟಿ ಇದ್ದರೆ ಅದನ್ನೂ ಜೊತೆಗೆ ಒಯ್ಯಬೇಕು.